ಅಟ್ಟದ ಸ್ಕ್ಯಾನರಿಗೆ ಕಾರ್ಡು ಕೂರಿಸಿದ ಬಗೆ



ಕಳೆದ ವರ್ಷದ ಆಷಾಢದಲ್ಲಿ, ಮಳೆ ಹಿಡಿದು ಹದಿನೈದು ದಿನವಾಗಿದ್ದಾಗ, ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಪತ್ನಿ ಕೊಡೆ ಹಿಡಿದು ಕಚೇರಿಗೆ ಬಂದರು. ಯಜಮಾನರು ತೀರಿಕೊಂಡು ವರ್ಷಾಂತಿಕವೂ ಮುಗಿದಿತ್ತು. ಮಾವನವರ ಕಾಲದಿಂದ ಬಂದ ಷೇರುಗಳನ್ನು ತಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳುವ ಉದ್ದೇಶ ಅವರದು. ಷೇರು ಪತ್ರ ಮಾತ್ರ ಮನೆಯಲ್ಲಿ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

"ಪತ್ರ ಹೋದರೆ ಹೋಗಲಿ ರಾಯರೇ, ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದಲ್ಲ. ಮಾವನವರು ಸಂಘ ಶುರುವಾದಾಗಲೇ ಸೇರಿದವರು," ಎಂದರು.

"ಇದ್ದೇ ಇರುತ್ತದೆ, ಕೂತುಕೊಳ್ಳಿ ಅಮ್ಮ," ಎಂದು ನಾನೂ ಧೈರ್ಯವಾಗಿಯೇ ಹೇಳಿದೆ. ಗುಮಾಸ್ತರು ಒಳಗಿನ ಬೀರುವಿನಿಂದ ಮೊದಲನೆಯ ಷೇರು ರಿಜಿಸ್ಟರನ್ನು ತಂದು ಮೇಜಿನ ಮೇಲಿಟ್ಟು ತೆರೆದರು. ಬೇಕಾದ ಹಾಳೆಯೂ ಅದರ ಎದುರಿನ ಹಾಳೆಯೂ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲನೆ ಬಿಡಿಸುವಾಗ ಒಂದು ಹಾಳೆಯ ಮಸಿ ಇನ್ನೊಂದಕ್ಕೆ ಹೋಯಿತು. ಹೆಸರು ಓದಲು ಬಂತು, ಸಹಿಯ ಅರ್ಧ ಉಳಿಯಿತು; ಷೇರುಗಳ ಸಂಖ್ಯೆ ಇದ್ದ ಅಂಕಣದಲ್ಲಿ ನೀಲಿ ಕಲೆಯ ಹೊರತು ಏನೂ ಉಳಿಯಲಿಲ್ಲ. ಆಕೆ ಏನೂ ಮಾತನಾಡಲಿಲ್ಲ. ನನಗೆ ತಲೆ ಎತ್ತಿ ಅವರ ಮುಖ ನೋಡಲು ಆಗಲಿಲ್ಲ.

ಅದೃಷ್ಟವಶಾತ್ ಹಳೆಯ ಲಾಭಾಂಶ ಪಾವತಿ ಪುಸ್ತಕವೊಂದು ಬೇರೆ ಬೀರುವಿನಲ್ಲಿತ್ತು. ಅದರಿಂದ ಲೆಕ್ಕ ಹಿಂದಕ್ಕೆ ತೆಗೆದು ಅವರ ಕೆಲಸ ಮಾಡಿಕೊಟ್ಟೆವು. ಆದರೆ ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಂಥ ರಿಜಿಸ್ಟರುಗಳು ನಮ್ಮಲ್ಲಿ ಹದಿನೈದು ಇವೆ. ಷೇರು ಪುಸ್ತಕಗಳಲ್ಲದೆ, 1996ರಲ್ಲಿ ಬೆಳೆಗಾರರಿಗೆ ಕಾಫಿ ಮಾರಾಟದ ಪೂರ್ಣ ಸ್ವಾತಂತ್ರ್ಯ ಸಿಗುವ ಮೊದಲು, ಅಂದರೆ ಪೂಲಿನ ಕಾಲದಲ್ಲಿ, ಯಾರು ಎಷ್ಟು ಕಾಫಿ ಕೊಟ್ಟರು, ಯಾವ ಕಂತು ಯಾವಾಗ ಬಂತು ಎಂಬ ಲೆಕ್ಕಗಳೂ ಅದರಲ್ಲಿವೆ. ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆಯುವುದಕ್ಕೆ ಯಾವ ಅರ್ಥವೂ ಇಲ್ಲವೆಂದು ಊರಿಗೆಲ್ಲ ಹೇಳುವ ನಾವು ನಮ್ಮದೇ ಪುಸ್ತಕಗಳ ವಿಷಯದಲ್ಲಿ ಅದನ್ನು ಮರೆತಿದ್ದೆವು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಎಲ್ಲ ಹಳೆಯ ಪುಸ್ತಕಗಳ ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಸತಕ್ಕದ್ದೆಂದು ತೀರ್ಮಾನವಾಯಿತು. ಖರ್ಚು ಕಡಿಮೆ ಇರತಕ್ಕದ್ದೆಂಬ ಮಾತೂ ಎಂದಿನಂತೆ ಜೊತೆಗೆ ಸೇರಿಕೊಂಡಿತು.

ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿದೆವು. ಬಿಡಿ ಕಾಗದಕ್ಕೆ ಅದೇ ಸಾಕು. ದಪ್ಪ ಬೈಂಡಿನ ಪುಸ್ತಕದಲ್ಲಿ ಹಾಳೆ ಹೊಟ್ಟೆ ಉಬ್ಬಿದಂತೆ ನಿಲ್ಲುವುದರಿಂದ ಅಂಕಣಗಳು ಡೊಂಕಾಗುತ್ತವೆ, ಒಂದು ಕಡೆ ಬೆಳಕು ಹೆಚ್ಚು, ಇನ್ನೊಂದು ಕಡೆ ನೆರಳು. ಆಮೇಲೆ ಕಚೇರಿಯಲ್ಲಿದ್ದ ತೆಳುವಾದ ಹೊಸ ಸ್ಕ್ಯಾನರನ್ನು ಹಿಡಿದೆವು. ಬಿಡಿ ಹಾಳೆ ಕನ್ನಡಿಯಷ್ಟು ಸ್ವಚ್ಛವಾಗಿ ಬಂತು; ಪುಸ್ತಕವನ್ನು ಬೋರಲು ಹಾಕಿದರೆ ಹೊಲಿಗೆಯ ಬಳಿಯ ಎರಡು ಅಂಕಣ ಮಂಜು ಕವಿದಂತಾಯಿತು. ಇದಕ್ಕೆ ಕಾರಣವಿದೆ. ಈಗಿನ ಅಗ್ಗದ ತೆಳು ಸ್ಕ್ಯಾನರುಗಳಲ್ಲಿ ಬೆಳಕನ್ನು ಗ್ರಹಿಸುವ ಪಟ್ಟಿ ಗಾಜಿಗೆ ಒತ್ತಿಕೊಂಡೇ ಓಡುತ್ತದೆ. ಗಾಜಿಗೆ ತಾಗಿದ್ದು ಮಾತ್ರ ಅದಕ್ಕೆ ಸ್ಪಷ್ಟ. ಗಾಜಿನಿಂದ ಸ್ವಲ್ಪ ಮೇಲೆದ್ದರೂ ಅಸ್ಪಷ್ಟ. ಹಳೆಯ ಕಾಲದ ದೊಡ್ಡ ಸ್ಕ್ಯಾನರುಗಳಲ್ಲಿ ಕನ್ನಡಿಗಳೂ ಮಸೂರವೂ ಇದ್ದು, ಕ್ಯಾಮರಾದಂತೆ ಸ್ವಲ್ಪ ಆಳದವರೆಗೂ ಸ್ಪಷ್ಟವಾಗಿ ಕಾಣುತ್ತದೆ. ಅಂಥವು ಈಗಲೂ ಹೊಸದಾಗಿ ಸಿಗುತ್ತವೆ, ಆದರೆ ಬೆಲೆ ಹೆಚ್ಚು.

ಆಗ ನೆನಪಾದದ್ದು ಗೋದಾಮಿನ ಅಟ್ಟದ ಮೇಲಿದ್ದ ಪೆಟ್ಟಿಗೆ. ಸದಸ್ಯರೊಬ್ಬರ ಮಗ ಹಿಂದೆ ಬೆಂಗಳೂರಿನಲ್ಲಿ ಮುದ್ರಣದ ಕೆಲಸ ಮಾಡುತ್ತಿದ್ದವರು, ಅಂಗಡಿ ಮುಚ್ಚುವಾಗ ಸಂಘಕ್ಕೆಂದು ಕೊಟ್ಟುಹೋದದ್ದು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಸ್ಕ್ಯಾನ್‌ಜೆಟ್, 1990ರ ದಶಕದ್ದು. ಗಾಜು 8.5 ಅಂಗುಲ ಅಗಲ, 14 ಅಂಗುಲ ಉದ್ದ. ಕೆಳಗಿಳಿಸಿ, ಇಲಿ ಕಟ್ಟಿದ್ದ ಗೂಡು ತೆಗೆದು, ಒರೆಸಿ, ಪ್ಲಗ್ಗು ಹಾಕಿದರೆ ದೀಪ ಹತ್ತಿತು. ಸಂತೋಷಪಟ್ಟೆವು. ಹಿಂದೆ ತಿರುಗಿಸಿ ನೋಡಿದರೆ ಯುಎಸ್‌ಬಿ ಬಾಯಿಯೇ ಇಲ್ಲ. ಐವತ್ತು ಪಿನ್ನುಗಳ ದೊಡ್ಡದೊಂದು ಬಾಯಿ. ಅದಕ್ಕೆ ಹೊಂದುವ ಬಾಯಿ ನಮ್ಮ ಯಾವ ಕಂಪ್ಯೂಟರಿನಲ್ಲಿಯೂ ಇರಲಿಲ್ಲ.

ಇದರ ಹೆಸರು ಸ್ಕಸಿ. ಶುಗಾರ್ಟ್ ಎಂಬ ಅಮೆರಿಕದ ಡಿಸ್ಕ್ ತಯಾರಕರು ಮಾಡಿದ ಪದ್ಧತಿಯಿಂದ ಬೆಳೆದು, 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಒಪ್ಪಿಗೆ ಪಡೆದದ್ದು. ಡಿಸ್ಕು, ಟೇಪು, ಸ್ಕ್ಯಾನರು ಹೀಗೆ ಬೇರೆ ಬೇರೆ ಯಂತ್ರಗಳನ್ನು ಒಂದೇ ಸಾಲಿನಲ್ಲಿ ಕಟ್ಟುವ ಏರ್ಪಾಡು. ಮೊದಲಿನ ಸ್ಕಸಿಯ ವೇಗ ಸೆಕೆಂಡಿಗೆ 5 ಮೆಗಾಬೈಟು. ಅದರ ಮುಂದೆ ಯುಎಸ್‌ಬಿಯ ಮೊದಲ ಅವತಾರ ಸೆಕೆಂಡಿಗೆ ಒಂದೂವರೆ ಮೆಗಾಬೈಟನ್ನು ದಾಟುತ್ತಿರಲಿಲ್ಲವಾದ್ದರಿಂದ, ಮುದ್ರಣದವರು ಬಹಳ ಕಾಲ ಸ್ಕಸಿಯನ್ನೇ ನೆಚ್ಚಿದ್ದರು. 2000ದಲ್ಲಿ ಯುಎಸ್‌ಬಿಯ ಎರಡನೆಯ ಅವತಾರ ಬಂದ ಮೇಲೆ ಆ ಮಾತು ಮುಗಿಯಿತು. ಹಾಗಾಗಿ ಅಟ್ಟ ಸೇರಿದ ಸ್ಕ್ಯಾನರುಗಳಲ್ಲಿ ಎಷ್ಟೋ ಕೆಟ್ಟು ಹೋದವಲ್ಲ. ಜೋಡಿಸುವ ದಾರಿ ಇಲ್ಲದೆ ಕುಳಿತವು.

ದಾರಿ ಎಂದರೆ ಒಂದು ಕಾರ್ಡು. ನಮ್ಮ ತೂಕದ ಕೋಣೆಯಲ್ಲಿ ಹಿಂದೆ ಬಿಲ್ಲು ಹೊಡೆಯಲು ಇಟ್ಟಿದ್ದ ಪೆಂಟಿಯಂ 4 ಕಂಪ್ಯೂಟರೊಂದು ಮೂಲೆಯಲ್ಲಿತ್ತು. ಅದರೊಳಗೆ ಮೂರು ಬಿಳಿಯ ಪಿಸಿಐ ಸ್ಲಾಟುಗಳು ಖಾಲಿ. ಈ ಸ್ಲಾಟು ಇರುವ ಹಳೆಯ ಯಂತ್ರ ನಿಮ್ಮಲ್ಲಿದ್ದರೆ ಗುಜರಿಗೆ ಹಾಕಬೇಡಿ. ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಮಾತ್ರ ಇದ್ದು, ಹೆಸರಿನಲ್ಲಿ ಹತ್ತಿರವಾದರೂ ಹಳೆಯ ಕಾರ್ಡು ಅದರಲ್ಲಿ ಕೂರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅಡಾಪ್ಟೆಕ್ 2940 ಜಾತಿಯ ಕಾರ್ಡು ಎಂಟು ನೂರು ರೂಪಾಯಿಗೆ ಸಿಕ್ಕಿತು. ಕೇಬಲ್ಲಿಗೆ ಬೇರೆ ಕೊಡಬೇಕಾಯಿತು, ಅದೂ ಚೌಕಾಸಿ ಮಾಡಿ.

ಕೇಬಲ್ಲಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಹಣ ದಂಡವಾಗುವುದು ಇಲ್ಲಿಯೇ. ಸ್ಕಸಿಯ ಬಾಯಿಗಳು ಒಂದೇ ತೆರನಾಗಿಲ್ಲ. ಅಗಲವಾದ ಐವತ್ತು ಪಿನ್ನಿನದು ಒಂದು, ಅದೇ ಐವತ್ತನ್ನು ಒತ್ತೊತ್ತಾಗಿ ಇಟ್ಟ ಚಿಕ್ಕದು ಇನ್ನೊಂದು, ಅರವತ್ತೆಂಟು ಪಿನ್ನಿನದು ಮತ್ತೊಂದು, ಇಪ್ಪತ್ತೈದು ಪಿನ್ನಿನದು ಮಗದೊಂದು. ಕಾರ್ಡು ಮತ್ತು ಸ್ಕ್ಯಾನರು ಎರಡರ ಬೆನ್ನಿನ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗುವುದು ಕ್ಷೇಮ. ಇಪ್ಪತ್ತೈದು ಪಿನ್ನಿನದರಲ್ಲಿ ವಿಶೇಷ ಎಚ್ಚರಿಕೆ ಬೇಕು. ಹಳೆಯ ಕಂಪ್ಯೂಟರುಗಳ ಪ್ರಿಂಟರ್ ಬಾಯಿಯೂ ಅದೇ ಆಕಾರದ್ದು. ಸ್ಕಸಿಯ ಕೇಬಲ್ಲು ಅದರಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಎರಡು ಕಡೆಯ ಯಂತ್ರಗಳಿಗೂ ಅಪಾಯ.

ಕಾರ್ಡು ಕೂರಿಸುವ ಕೆಲಸ ಹೆದರುವಂಥದ್ದಲ್ಲ. ಕರೆಂಟಿನ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕಂಪ್ಯೂಟರು ಮಲಗಿದಂತೆ ಕಂಡರೂ ಒಳಗೆ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಪೆಟ್ಟಿಗೆಯ ಬರಿಯ ಲೋಹವನ್ನೊಮ್ಮೆ ಕೈಯಿಂದ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಕಾರ್ಡಿನ ಹೊಂಬಣ್ಣದ ಹಲ್ಲುಗಳು ಮಂಕಾಗಿದ್ದವು. ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಊದಿ ತೆಗೆದೆ. ನಂತರ ಎರಡು ತುದಿಯನ್ನೂ ಸಮನಾಗಿ ಒತ್ತಿ ಕೂರಿಸಿ, ತಗಡಿನ ಮೊಳೆ ಬಿಗಿದರೆ ಆಯಿತು. ಮೊಳೆ ಬಿಡಬಾರದು. ಕೇಬಲ್ಲು ಬೆರಳಿನಷ್ಟು ದಪ್ಪವಾಗಿದ್ದು, ಅದರ ಭಾರಕ್ಕೇ ಕಾರ್ಡು ಓರೆಯಾಗುತ್ತದೆ. ಇನ್ನೊಂದು ಮಾತು: ಯುಎಸ್‌ಬಿಯ ಅಭ್ಯಾಸದಲ್ಲಿ ಯಂತ್ರ ನಡೆಯುತ್ತಿರುವಾಗಲೇ ಸ್ಕಸಿಯ ಕೇಬಲ್ಲು ಹಾಕುವುದು, ತೆಗೆಯುವುದು ಕೂಡದು. ಎರಡನ್ನೂ ಆರಿಸಿ ಜೋಡಿಸಬೇಕು. ಹಚ್ಚುವಾಗ ಮೊದಲು ಸ್ಕ್ಯಾನರು, ಆಮೇಲೆ ಕಂಪ್ಯೂಟರು. ಕಂಪ್ಯೂಟರು ಏಳುವ ಹೊತ್ತಿಗೆ ಸ್ಕ್ಯಾನರು ಎದ್ದಿರದಿದ್ದರೆ ಕಾರ್ಡು ಅದನ್ನು ಕಾಣುವುದೇ ಇಲ್ಲ. ಈ ಒಂದು ಕಾರಣಕ್ಕೆ ಕೆಟ್ಟಿದೆ ಎಂದು ತೀರ್ಪು ಪಡೆದ ಸ್ಕ್ಯಾನರುಗಳು ಕಡಿಮೆ ಇರಲಾರವು.

ಇನ್ನು ಹೊಂದಾಣಿಕೆ. ಸ್ಕಸಿಯ ಸಾಲಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಜಮೀನಿಗೆ ಸರ್ವೆ ನಂಬರು ಇದ್ದಂತೆ ಎಂದಿಟ್ಟುಕೊಳ್ಳಿ. ಒಂದೇ ನಂಬರು ಎರಡು ಜಮೀನಿಗೆ ಬಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ. ನಮ್ಮಂಥ ಹಳೆಯ ಸ್ಕಸಿಯಲ್ಲಿ 0ಯಿಂದ 7ರವರೆಗೆ ಎಂಟು ಸಂಖ್ಯೆಗಳು. ಸಾಮಾನ್ಯವಾಗಿ 7 ಕಾರ್ಡಿನದೇ. 0 ಮತ್ತು 1ನ್ನು ಹಳೆಯ ಪದ್ಧತಿಯಲ್ಲಿ ಕಂಪ್ಯೂಟರು ಏಳಿಸುವ ಡಿಸ್ಕುಗಳಿಗೆ ಮೀಸಲಿಡುತ್ತಿದ್ದರಾದ್ದರಿಂದ ಅವನ್ನು ಬಿಡುವುದು ಲೇಸು. ಉಳಿದವುಗಳಲ್ಲಿ ಯಾವುದಾದರೂ ಸರಿ. ನಮ್ಮದಕ್ಕೆ 4 ಕೊಟ್ಟೆವು.

ಕಾರ್ಡಿಗೆ ತನ್ನದೇ ಒಂದು ಹೊಂದಾಣಿಕೆ ಪಟ್ಟಿ ಇದೆ. ಕಂಪ್ಯೂಟರು ಏಳುವಾಗ ಅಡಾಪ್ಟೆಕ್ ಹೆಸರು ಕಂಡ ಕೂಡಲೆ ಕಂಟ್ರೋಲ್ ಕೀಲಿಯನ್ನೂ 'ಎ' ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಸ್ಕಸಿ ಸೆಲೆಕ್ಟ್ ಎಂಬ ಪಟ್ಟಿ ತೆರೆಯುತ್ತದೆ. ಅಲ್ಲಿ ಸಾಲಿನಲ್ಲಿ ಯಾರು ಯಾರು ಇದ್ದಾರೆಂದು ಹಾಜರಿ ಕರೆಯುವ ಅನುಕೂಲವೂ ಇದೆ; ಬೇರೆ ಯಾವ ಸಾಫ್ಟ್‌ವೇರೂ ಇಲ್ಲದೆಯೇ ಕಾರ್ಡು, ಕೇಬಲ್ಲು, ಸ್ಕ್ಯಾನರು ಮೂರೂ ಸರಿಯಾಗಿವೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಸ್ಕ್ಯಾನರಿನ ಸಂಖ್ಯೆಯ ಎದುರಿಗೆ ವೇಗದ ಮಾತುಕತೆಯನ್ನು 'ಬೇಡ' ಎಂದು ಇಡುವುದು ಒಳ್ಳೆಯದು. ಡಿಸ್ಕಿಗೆ ಬೇಕಾದ ಓಟ ಸ್ಕ್ಯಾನರಿಗೆ ಬೇಕಿಲ್ಲ. ಕಾರ್ಡಿನಿಂದ ಕಂಪ್ಯೂಟರನ್ನು ಏಳಿಸುವ ಪ್ರಮೇಯವಿಲ್ಲದ್ದರಿಂದ, ಎಲ್ಲ ಸರಿಹೋದ ಮೇಲೆ ಕಾರ್ಡಿನ ಬಯೋಸನ್ನು ಆರಿಸಿಟ್ಟರೆ ದಿನಾ ಸ್ವಲ್ಪ ಹೊತ್ತು ಉಳಿಯುತ್ತದೆ. ಇದಕ್ಕೂ ಹಿಂದಿನ ಐಎಸ್‌ಎ ಕಾರ್ಡು ಯಾರಲ್ಲಿಯಾದರೂ ಇದ್ದರೆ, ಅದರಲ್ಲಿ ಇಂಟರಪ್ಟು, ಪೋರ್ಟ್ ವಿಳಾಸ ಎಲ್ಲವನ್ನೂ ಪುಟ್ಟ ಜಂಪರುಗಳಿಂದ ಕೈಯಾರೆ ಇಡಬೇಕಾಗಿ ಬರುವುದುಂಟು. ಆ ಸಾಹಸವನ್ನು ನಾನು ಮಾಡಿಲ್ಲ, ಶಿಫಾರಸೂ ಮಾಡುವುದಿಲ್ಲ.

ಹಾಜರಿ ಕರೆದಾಗ 4ರ ಎದುರಿಗೆ ಎಚ್.ಪಿ. ಎಂಬ ಹೆಸರು ಬಂತು. ಗುಮಾಸ್ತರು ಕಾಫಿ ತರಿಸಿದರು.

ಮುಂದಿನದು ಸಾಫ್ಟ್‌ವೇರು. ಆ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಹಳೆಯ ಸ್ಕ್ಯಾನರುಗಳ ತಂತ್ರಾಂಶ ಹಲವು ವೇಳೆ ಆಸ್ಪಿ ಎಂಬ ನಡುವಿನ ಪದರವೊಂದನ್ನು ಕೇಳುತ್ತದೆ. ಕಾರ್ಡು ಯಾವ ಕಂಪನಿಯದಾದರೂ ತಂತ್ರಾಂಶ ಒಂದೇ ಭಾಷೆಯಲ್ಲಿ ಮಾತನಾಡಲಿ ಎಂದು ಅಡಾಪ್ಟೆಕ್‌ನವರು ಮಾಡಿದ ದುಭಾಷಿ ಅದು. ವಿಂಡೋಸ್ 98ರಲ್ಲಿ ಅದು ಒಳಗೇ ಇತ್ತು. 2000 ಮತ್ತು ಎಕ್ಸ್‌ಪಿಗಳಲ್ಲಿ ಬರಲಿಲ್ಲ, ಬೇರೆಯಾಗಿ ಹಾಕಬೇಕಾಗಿತ್ತು. ನಮ್ಮ ಸ್ಕ್ಯಾನರಿನ ಮೂಲ ಸೀಡಿಯಂತೂ ಇಲಿಯ ಪಾಲೋ ಗುಜರಿಯ ಪಾಲೋ ತಿಳಿಯದು. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್‌ನಲ್ಲಿಯೇ ನಿಂತಿದೆ. ಇದನ್ನೆಲ್ಲ ನೋಡಿ, ಬಿ.ಇ. ಓದುತ್ತಿರುವ ನನ್ನ ತಮ್ಮನ ಮಗ ರಜೆಯಲ್ಲಿ ಮನೆಗೆ ಬಂದವನು, "ದೊಡ್ಡಪ್ಪ, ಇದಕ್ಕೆ ಲಿನಕ್ಸ್ ಹಾಕೋಣ, ದುಡ್ಡೂ ಬೇಡ, ಸೀಡಿಯೂ ಬೇಡ," ಎಂದ. ಡೆಬಿಯನ್ 12 ಹಾಕಿದೆವು. ಹದಿಮೂರನೆಯದು 2025ರಲ್ಲಿ ಬಂದಿದೆಯಾದರೂ ಅದರಲ್ಲಿ ನಮ್ಮಂಥ 32 ಬಿಟ್ಟಿನ ಹಳೆಯ ಯಂತ್ರಗಳಿಗೆ ಸ್ಥಾಪನೆಯ ಅವಕಾಶವನ್ನು ಕೈಬಿಟ್ಟಿದ್ದಾರೆ.

ಲಿನಕ್ಸಿನಲ್ಲಿ ನಮ್ಮ ಜಾತಿಯ ಅಡಾಪ್ಟೆಕ್ ಕಾರ್ಡಿನ ಚಾಲಕ ಮೊದಲೇ ಸೇರಿದೆ. ಸ್ಕ್ಯಾನರುಗಳಿಗೆ ಸೇನ್ ಎಂಬ ತಂತ್ರಾಂಶವಿದ್ದು, ಅದರಲ್ಲಿ ಒಂದೊಂದು ಕಂಪನಿಯ ಸ್ಕ್ಯಾನರಿಗೂ ಬೇರೆ ಬೇರೆ ಭಾಗಗಳಿವೆ. ಹೊಸಬರು ಎಡವುವ ಎರಡು ಜಾಗಗಳನ್ನು ಹೇಳುತ್ತೇನೆ, ನಾನೂ ಎಡವಿದ್ದರಿಂದ. ಸಾಲಿನಲ್ಲಿರುವ ಯಂತ್ರಗಳ ಪಟ್ಟಿ ತೆಗೆದರೆ ನಮ್ಮದರ ಎದುರಿಗೆ 'ಸ್ಕ್ಯಾನರ್' ಎಂದು ಬರಲಿಲ್ಲ, 'ಪ್ರೊಸೆಸರ್' ಎಂದು ಬಂತು. ಯಂತ್ರ ಹುಚ್ಚಾಯಿತೆಂದು ಭಾವಿಸಿದೆ. ಹಾಗಲ್ಲ, ಹಳೆಯ ಸ್ಕ್ಯಾನ್‌ಜೆಟ್ಟುಗಳು ತಮ್ಮನ್ನು ಪರಿಚಯ ಮಾಡಿಕೊಳ್ಳುವುದೇ ಹಾಗೆ. ಇನ್ನೊಂದು, ಸೇನ್ ಈ ಯಂತ್ರಗಳನ್ನು ತಲುಪುವುದು ಸ್ಕಸಿಯ ಸಾಮಾನ್ಯ ಬಾಗಿಲಿನ ಮೂಲಕ, ಎಸ್‌ಜಿ ಎಂಬ ಹೆಸರಿನದು. ಆ ಬಾಗಿಲು ತೆರೆದಿರಬೇಕು, ಮತ್ತು ಕೆಲಸ ಮಾಡುವವರ ಹೆಸರು ಡೆಬಿಯನ್ನಿನ 'ಸ್ಕ್ಯಾನರ್' ಗುಂಪಿನಲ್ಲಿರಬೇಕು. ಇಲ್ಲವಾದರೆ ನಿರ್ವಾಹಕರಾಗಿ ಒಳಹೊಕ್ಕಾಗ ನಡೆಯುತ್ತದೆ, ಗುಮಾಸ್ತರು ಕೂತರೆ ಸ್ಕ್ಯಾನರೇ ಇಲ್ಲವೆನ್ನುತ್ತದೆ. ಅರ್ಧ ದಿನ ಗುಮಾಸ್ತರ ಕೈಗುಣವನ್ನು ಹಾಸ್ಯ ಮಾಡಿ, ಆಮೇಲೆ ನಾನೇ ಕ್ಷಮೆ ಕೇಳಬೇಕಾಯಿತು.

ಇಷ್ಟಾದ ಮೇಲೆ ಮೊದಲ ಪರೀಕ್ಷೆ. ಸಣ್ಣ ಮುನ್ನೋಟ ತೆಗೆದೆವು, ಚೆನ್ನಾಗಿ ಬಂತು. ಪೂರ್ತಿ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ತೆಗೆಯಲು ಹೋದರೆ ಅರ್ಧದಲ್ಲಿ ದೀಪದ ಗಾಡಿ ನಿಂತಿತು. ಕಂಪ್ಯೂಟರೂ ನಿಂತಿತು. ಮತ್ತೆ ಹಚ್ಚಿ ತೆಗೆದರೆ ಈ ಸಲ ಮುಕ್ಕಾಲು ಪಾಲು ಬಂದು, ಉಳಿದದ್ದು ಅಡ್ಡಡ್ಡ ಪಟ್ಟೆಗಳು. ಮೂರನೆಯ ಸಲ ಪೂರ್ತಿ ಬಂತು. ನಾಲ್ಕನೆಯ ಸಲ ಮತ್ತೆ ಇಲ್ಲ. ಪೂರ್ತಿ ಕೆಟ್ಟಿದ್ದನ್ನು ಹುಡುಕಬಹುದು. ಒಮ್ಮೆ ನಡೆದು ಒಮ್ಮೆ ನಿಲ್ಲುವುದರಷ್ಟು ಮನುಷ್ಯನನ್ನು ಸತಾಯಿಸುವುದು ಬೇರೆ ಇಲ್ಲ. ಒಂದು ವಾರ ಹೀಗೆಯೇ ಕಳೆಯಿತು. ಕಾರ್ಡು ಕೆಟ್ಟದ್ದೆಂದು ನಾನು ತೀರ್ಮಾನಿಸಿ, ಅಂಗಡಿಯವನನ್ನು ಮನಸ್ಸಿನಲ್ಲಿ ಬೈದು, ಬೆಂಗಳೂರಿಗೆ ಹೋಗುವ ಬಸ್ಸಿನ ಸಮಯವನ್ನೂ ವಿಚಾರಿಸಿದ್ದೆ.

ಹುಡುಗ ಪೋನಿನಲ್ಲಿ ಕೇಳಿದ: "ದೊಡ್ಡಪ್ಪ, ಟರ್ಮಿನೇಟರ್ ಹಾಕಿದ್ದೀರಾ?"

"ಅದೇನದು?"

"ಸ್ಕ್ಯಾನರ್ ಜೊತೆ ಪೆಟ್ಟಿಗೆಯಲ್ಲಿ ಹೆಬ್ಬೆರಳು ದಪ್ಪದ, ಎರಡು ಕಡೆಗೂ ಪಿನ್ನು ಇರುವ ಒಂದು ಗಟ್ಟಿ ಇತ್ತಾ?"

ಇತ್ತು. ಖಂಡಿತ ಇತ್ತು. ಸ್ಕ್ಯಾನರಿನ ಬಾಯಿಗೇ ಸಿಕ್ಕಿಕೊಂಡಿತ್ತು. ಕೇಬಲ್ಲು ನೇರವಾಗಿ ಕೂರುವಾಗ ನಡುವೆ ಇದೇಕೆಂದು, ಬುದ್ಧಿವಂತನಂತೆ ನಾನೇ ಕಿತ್ತು ಇಟ್ಟಿದ್ದೆ. ಎಲ್ಲಿಟ್ಟೆನೆಂಬುದು ಮರೆತಿತ್ತು. ಗುಮಾಸ್ತರೂ ಜವಾನನೂ ನಾನೂ ಸೇರಿ ಹುಡುಕಿದಾಗ, ತೂಕದ ಕೋಣೆಯ ಡ್ರಾಯರಿನಲ್ಲಿ ಸಣ್ಣ ತೂಕದ ಬಟ್ಟುಗಳ ಜೊತೆಗೆ ಸಿಕ್ಕಿತು. ಸ್ಕ್ಯಾನರಿಗೂ ಕೇಬಲ್ಲಿಗೂ ನಡುವೆ ಅದನ್ನು ಸೇರಿಸಿ ಹಚ್ಚಿದೆವು. ಅಂದು ಸಂಜೆಯವರೆಗೆ ನಲವತ್ತೆರಡು ಹಾಳೆ ಒಂದೂ ನಿಲ್ಲದೆ ಬಂದವು.

ಆ ಗಟ್ಟಿಯ ಕೆಲಸವೇನೆಂದು ಹೇಳಬೇಕು. ಅಡಿಕೆ ಮರಕ್ಕೆ ಉದ್ದದ ಹಗ್ಗದ ತುದಿ ಕಟ್ಟಿ, ಇತ್ತ ತುದಿಯನ್ನು ಹಿಡಿದು ಒಮ್ಮೆ ಜಾಡಿಸಿ ನೋಡಿ. ಒಂದು ಅಲೆ ಹಗ್ಗದುದ್ದಕ್ಕೂ ಓಡಿ, ಮರಕ್ಕೆ ಬಡಿದು, ಅಷ್ಟೇ ರಭಸದಲ್ಲಿ ನಿಮ್ಮ ಕೈಗೆ ವಾಪಸು ಬರುತ್ತದೆ. ಅಷ್ಟರಲ್ಲಿ ನೀವು ಇನ್ನೊಂದು ಅಲೆ ಕಳಿಸಿದ್ದರೆ ಎರಡೂ ನಡುದಾರಿಯಲ್ಲಿ ಕಲಸಿಹೋಗುತ್ತವೆ. ಕೇಬಲ್ಲಿನಲ್ಲಿ ಓಡುವ ವಿದ್ಯುತ್ ಸಂಕೇತಗಳಿಗೂ ತುದಿಯಲ್ಲಿ ಹೀಗೆಯೇ ಆಗುತ್ತದೆ. ಬಂದ ಅಲೆಯನ್ನು ಹೀರಿಕೊಂಡು ವಾಪಸು ಬಿಡದಿರಲು ಸಾಲಿನ ಎರಡು ತುದಿಗಳಲ್ಲಿಯೂ ಕೆಲವು ಪ್ರತಿರೋಧಗಳನ್ನು ಇಡುತ್ತಾರೆ, ಅದೇ ಟರ್ಮಿನೇಟರು. ಹಳೆಯ ಮಾದರಿಯದರಲ್ಲಿ ಪ್ರತಿ ತಂತಿಗೂ 220 ಓಮ್ ಮತ್ತು 330 ಓಮ್‌ಗಳ ಒಂದು ಜೋಡಿ. ನಾನು ಬಿ.ಎಸ್‌ಸಿ.ಯಲ್ಲಿ ಸೊನೋಮೀಟರಿನ ತಂತಿ ಮಿಡಿದು ಅಲೆಗಳ ಪಾಠ ಕಲಿತವನೇ. ಅಂಕವೂ ಬಂದಿತ್ತು. ಅದು ಇಲ್ಲಿಯೂ ಅನ್ವಯಿಸುತ್ತದೆಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಎರಡು ತುದಿ ಎಂದೆನಲ್ಲ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕಾರ್ಡಿನಿಂದ ಹೊರಗೆ ಸ್ಕ್ಯಾನರು ಮಾತ್ರ ಇದ್ದರೆ ಕಾರ್ಡು ಒಂದು ತುದಿ, ಸ್ಕ್ಯಾನರು ಇನ್ನೊಂದು. ಕಾರ್ಡಿನ ತುದಿಯನ್ನು ಸ್ಕಸಿ ಸೆಲೆಕ್ಟ್ ಪಟ್ಟಿಯಲ್ಲಿಯೇ ಇಡಬಹುದು. ಕಂಪ್ಯೂಟರಿನ ಒಳಗೂ ಸ್ಕಸಿ ಡಿಸ್ಕು, ಹೊರಗೂ ಸ್ಕ್ಯಾನರು ಇದ್ದರೆ ಕಾರ್ಡು ನಡುವಿನದಾಗುತ್ತದೆ. ಆಗ ಅದರ ಟರ್ಮಿನೇಟರನ್ನು ಆರಿಸಬೇಕು. ನಮ್ಮ ಕಾರ್ಡಿನಲ್ಲಿ ಅದು ತಾನಾಗಿಯೇ ತಿಳಿದುಕೊಳ್ಳುವ ಏರ್ಪಾಡಿದೆ. ಕೇಬಲ್ಲು ಚಿಕ್ಕದಾಗಿದ್ದರೆ ಟರ್ಮಿನೇಟರ್ ಇಲ್ಲದೆಯೂ ಕೆಲವು ಸಲ ನಡೆಯುವುದುಂಟು, ನಮ್ಮಲ್ಲಿ ಮುನ್ನೋಟ ಬಂದದ್ದು ಹಾಗೆ. ಅದನ್ನು ನಂಬಿ ಕೂತರೆ ನನ್ನಂತೆ ವಾರಗಟ್ಟಲೆ ಕಳೆಯಬೇಕಾದೀತು. ಹಳೆಯ ಸ್ಕಸಿಯಲ್ಲಿ ಕೇಬಲ್ಲುಗಳ ಒಟ್ಟು ಉದ್ದ 6 ಮೀಟರು ಮೀರಬಾರದು, ವೇಗ ಹೆಚ್ಚಿಸಿದರೆ 3 ಮೀಟರು. ನಮ್ಮದು ಒಂದೇ ಮೀಟರು, ಸ್ಕ್ಯಾನರನ್ನು ಕಂಪ್ಯೂಟರಿನ ಮಗ್ಗುಲಲ್ಲೇ ಇಟ್ಟಿದ್ದೇವೆ.

ಈಗ ಕೆಲಸದ ರೀತಿ. ಬೆಳಿಗ್ಗೆ ಬಂದ ಕೂಡಲೆ ಸ್ಕ್ಯಾನರು ಹಚ್ಚಿ ದೀಪ ಬಿಸಿಯಾಗಲು ಕಾಲು ಗಂಟೆ ಬಿಡುತ್ತೇವೆ. ತಣ್ಣಗಿನ ದೀಪದಲ್ಲಿ ತೆಗೆದ ಮೊದಲ ಹಾಳೆಗಳು ಕಪ್ಪಾಗಿ ಬರುತ್ತವೆ. ಬಣ್ಣದಲ್ಲಿ ತೆಗೆಯಬೇಕೆಂಬ ಆಸೆಯನ್ನು ಬಿಟ್ಟೆವು. ಗಾಜಿನ ಪೂರ್ತಿ ಅಳತೆಗೆ, ಅಂಗುಲಕ್ಕೆ 300 ಚುಕ್ಕೆಯಂತೆ, ಬೂದು ಬಣ್ಣದಲ್ಲಿ ತೆಗೆದರೆ ಒಂದು ಚಿತ್ರ ಸುಮಾರು 10.7 ಮೆಗಾಬೈಟು, ಬಣ್ಣದಲ್ಲಿ ಅದರ ಮೂರರಷ್ಟು. ಕೆಂಪು ಮಸಿಯ ತಿದ್ದುಪಡಿ ಇರುವ ಹಾಳೆಗಳನ್ನು ಮಾತ್ರ ಬಣ್ಣದಲ್ಲಿ ತೆಗೆಯುತ್ತೇವೆ, ಯಾಕೆಂದರೆ ಯಾವುದು ಆಡಿಟರು ಬರೆದದ್ದು ಎಂಬುದು ಮುಂದೆ ಬೇಕಾಗುತ್ತದೆ. ಪ್ರತಿ ಚಿತ್ರಕ್ಕೂ ರಿಜಿಸ್ಟರಿನ ಸಂಖ್ಯೆ ಮತ್ತು ಪುಟದ ಸಂಖ್ಯೆಯನ್ನೇ ಹೆಸರಾಗಿ ಕೊಡಬೇಕು. ಮೊದಲ ಮೂರು ದಿನ ಯಂತ್ರ ತಾನೇ ಕೊಟ್ಟ ಹೆಸರುಗಳನ್ನು ಬಿಟ್ಟುಬಿಟ್ಟು, ಆಮೇಲೆ ಯಾವುದು ಯಾರ ಹಾಳೆಯೆಂದು ತೆರೆದು ತೆರೆದು ನೋಡುವ ಫಜೀತಿಯಾಯಿತು. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಊರಿನ ಹೊರಗೆ. ಆ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿಲ್ಲ.

ಮಳೆಗಾಲದಲ್ಲಿ ಸ್ಕ್ಯಾನರಿನ ಒಳಗೂ ಬೂಸ್ಟು ಹಿಡಿಯುತ್ತದೆ, ಕ್ಯಾಮರಾದ ಮಸೂರಕ್ಕೆ ಹಿಡಿಯುವಂತೆ. ಕೆಲಸ ಇರಲಿ ಇಲ್ಲದಿರಲಿ ದಿನಕ್ಕೊಮ್ಮೆ ಹಚ್ಚುತ್ತೇವೆ, ರಾತ್ರಿ ಸಿಲಿಕಾ ಜೆಲ್ಲಿನ ಪೊಟ್ಟಣ ಇಟ್ಟು ಪ್ಲಾಸ್ಟಿಕ್ ಹೊದಿಸುತ್ತೇವೆ. ಗುಡುಗು ಕೇಳಿದರೆ ಪ್ಲಗ್ಗು ಕೀಳುವುದು ಜವಾನನ ಜವಾಬ್ದಾರಿ, ಅದನ್ನು ಅವನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ.

ಮೂಲ ಪುಸ್ತಕಗಳನ್ನು ಸ್ಕ್ಯಾನ್ ಆದ ಮೇಲೆ ಏಕೆ ಇಟ್ಟುಕೊಳ್ಳಬೇಕು, ಜಾಗ ಖಾಲಿ ಮಾಡೋಣ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನಾನು ಒಪ್ಪಲಿಲ್ಲ. ಸಹಿ ಇರುವುದು ಕಾಗದದ ಮೇಲೆ. ಅವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಯಾಡಿಸಿ, ಗೋಡೆಗೆ ತಾಗದ ಹೊಸ ಬೀರುವಿನಲ್ಲಿ ಇಟ್ಟಿದ್ದೇವೆ. ಹಾಗೆಯೇ, ಪಿಸಿಐ ಸ್ಲಾಟಿನ ಕಂಪ್ಯೂಟರೂ ಇಲ್ಲ, ಕಾರ್ಡೂ ಇಲ್ಲ, ಎಲ್ಲವನ್ನೂ ಹೊಸದಾಗಿ ಹುಡುಕಿ ತರಬೇಕು ಎನ್ನುವವರಿಗೆ ನಾನು ಈ ದಾರಿ ಹೇಳುವುದಿಲ್ಲ. ಅಂಥವರು ಮಸೂರವಿರುವ ಹೊಸ ಯುಎಸ್‌ಬಿ ಸ್ಕ್ಯಾನರನ್ನೇ ಕೊಳ್ಳುವುದು ಒಳ್ಳೆಯದು. ಇದ್ದ ಸಾಮಾನಿನಿಂದ ಆಗುವಂತಿದ್ದರೆ ಮಾತ್ರ ಈ ಕಾರ್ಡಿನ ಗೊಡವೆ.

ಈ ಲೇಖನ ಬರೆಯುವ ಹೊತ್ತಿಗೆ ಹದಿನೈದರಲ್ಲಿ ಹನ್ನೊಂದು ರಿಜಿಸ್ಟರುಗಳು ಮುಗಿದಿವೆ. ಉಳಿದ ನಾಲ್ಕರಲ್ಲಿ ಎರಡರ ಹಾಳೆಗಳು ಅಂಟಿಕೊಂಡಿವೆ. ಅವನ್ನು ಬಿಡಿಸುವ ಅವಸರ ಮಾಡಿಲ್ಲ, ಬಲ್ಲವರನ್ನು ಕೇಳಿ ಮುಂದುವರಿಯುತ್ತೇವೆ. ಆಷಾಢದಲ್ಲಿ ಬಂದಿದ್ದ ಆ ತಾಯಿಗೆ ಮಾವನವರ ಹಾಳೆಯ ಪ್ರತಿಯೊಂದನ್ನು ತೆಗೆದುಕೊಟ್ಟೆವು. ನೀಲಿ ಕಲೆ ಹಾಗೆಯೇ ಇದೆ, ಅರ್ಧ ಸಹಿಯೂ ಇದೆ. "ಅವರು 'ಗ'ದ ಕೊಂಬನ್ನು ಹೀಗೇ ಎಳೆಯುತ್ತಿದ್ದರು," ಎಂದು ಬೆರಳಿಟ್ಟು ತೋರಿಸಿದರು.

ನೆರೆಯ ಸಹಕಾರ ಸಂಘಗಳವರಲ್ಲಿ ಹಳೆಯ ಪುಸ್ತಕಗಳಿದ್ದರೆ, ನಮ್ಮ ಕೆಲಸ ಮುಗಿದ ಮೇಲೆ, ಅಂದರೆ ಕೊಯ್ಲಿನ ಒತ್ತಡ ಕಳೆದ ನಂತರ, ಇಲ್ಲಿಗೆ ತಂದು ಸ್ಕ್ಯಾನ್ ಮಾಡಿಕೊಳ್ಳಬಹುದೆಂದು ಆಡಳಿತ ಮಂಡಳಿ ಒಪ್ಪಿದೆ. ಪುಸ್ತಕಗಳನ್ನು ಒಣ ಬಟ್ಟೆಯಲ್ಲಿ ಸುತ್ತಿ ತರಬೇಕು. ಬೆಳಿಗ್ಗೆ ಹನ್ನೊಂದರ ನಂತರ ಬಂದರೆ ನಮ್ಮಲ್ಲಿ ವೋಲ್ಟೇಜು ಸರಿಯಾಗಿರುತ್ತದೆ. ಒಬ್ಬ ಗುಮಾಸ್ತರನ್ನು ಜೊತೆಗೆ ಕಳಿಸಿಕೊಡಿ. ಹಾಳೆ ತಿರುಗಿಸುವ ಕೆಲಸಕ್ಕೆ ನಮ್ಮಲ್ಲಿ ಜನ ಸಾಲದು.